ಲೋಕಸಭೆಯ ಸೀಟು ಕಡಿಮೆ ಮಾಡಿದರೆ ಎಷ್ಟು ರೊಕ್ಕ ಉಳಿಯುತ್ತದೆ? ಲೆಕ್ಕ ಹಾಕೋಣ ಬರ್ರಿ

ಮುದ್ರಣಕಾಶಿ_ಗದಗ

ಸರ್ಕಾರದ ಖರ್ಚು ಇಳಿಸಬೇಕು ಅಂದರೆ ಮೊದಲು ಮೇಲಿನವರಿಂದ ಶುರುವಾಗಬೇಕು ಅನ್ನುವುದು ನನ್ನ ವಾದ. ಲೋಕಸಭೆಯಲ್ಲಿ ಈಗ 543 ಜನ, ರಾಜ್ಯಸಭೆಯಲ್ಲಿ 245. ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಆಸನ ಹಾಕಿದ್ದಾರೆ, ಅಂದರೆ ಮುಂದೆ ಸಂಖ್ಯೆ ಏರಿಸುವ ವಿಚಾರ ಇದೆ ಅಂತಲೇ ಅರ್ಥ. ನಾನು ಕೇಳುವುದು ಅದರ ಉಲ್ಟಾ. ಲೋಕಸಭೆಯನ್ನು 400ಕ್ಕೆ ಇಳಿಸಿದರೆ ಏನಾಗುತ್ತದೆ? 143 ಸಂಸದರ ಸಂಬಳ, ಭತ್ಯೆ, ವಿಮಾನ, ಬಂಗಲೆ, ಪಿಂಚಣಿ ಎಲ್ಲವೂ ಉಳಿಯುತ್ತದೆ. ಇಟಲಿ 2020ರಲ್ಲಿ ಜನಮತ ತೆಗೆದುಕೊಂಡು 945ರಿಂದ 600ಕ್ಕೆ ಇಳಿಸಿತು. ನಮ್ಮಲ್ಲಿ ಯಾಕೆ ಆಗಬಾರದು?

ಒಂದೇ ವಿನಂತಿ. ಯಾವ ಪಕ್ಷ ಏನು ಮಾಡಿತು ಅನ್ನುವುದನ್ನು ಇಲ್ಲಿ ತರಬೇಡಿ. ಅಂಕಿ ಇದ್ದರೆ ಇಡಿ, ಕಾನೂನು ಗೊತ್ತಿದ್ದರೆ ಹೇಳಿ.

ಬಾಬ್ತು_ಲೆಕ್ಕ (ಧಾರವಾಡ)

ಗದಗದ ಸರ್, ಪ್ರಶ್ನೆ ಛಲೋ ಕೇಳೀರಿ. ಬಜೆಟ್ ಪುಸ್ತಕದಿಂದಲೇ ಶುರು ಮಾಡೋಣ.

2025-26ರ ಕೇಂದ್ರ ಬಜೆಟ್ಟಿನಲ್ಲಿ ಲೋಕಸಭೆಗೆ ಇಟ್ಟಿದ್ದು 903 ಕೋಟಿ, ರಾಜ್ಯಸಭೆಗೆ 413 ಕೋಟಿ. ಎರಡೂ ಸೇರಿ 1,316 ಕೋಟಿ. ಆದರೆ ಈ ಇಡೀ ಮೊತ್ತ ಸದಸ್ಯರ ಮೇಲೆ ಖರ್ಚಾಗುವುದಲ್ಲ. ಲೋಕಸಭೆಯ 903ರಲ್ಲಿ ಸುಮಾರು 559 ಕೋಟಿ ಸಚಿವಾಲಯದ್ದು, ಸಂಸದ್ ಟಿವಿಗೆ ಕೊಡುವ ಸಹಾಯಧನವೂ ಅದರಲ್ಲೇ ಬರುತ್ತದೆ. ಸದಸ್ಯರ ಬಾಬ್ತು ಸುಮಾರು 339 ಕೋಟಿ. ಅದನ್ನು 543ಕ್ಕೆ ಭಾಗಿಸಿದರೆ ತಲೆಗೆ ವರ್ಷಕ್ಕೆ 62 ಲಕ್ಷ ಚಿಲ್ಲರೆ.

ಈ 62 ಲಕ್ಷ ಹೇಗೆ ಆಗುತ್ತದೆ? 2025ರ ಮಾರ್ಚಿನಲ್ಲಿ ಹೊರಟ ಅಧಿಸೂಚನೆ ಪ್ರಕಾರ (2023ರ ಏಪ್ರಿಲ್ 1ರಿಂದ ಪೂರ್ವಾನ್ವಯ) ತಿಂಗಳ ಸಂಬಳ 1,24,000. ಕ್ಷೇತ್ರ ಭತ್ಯೆ 87,000. ಕಚೇರಿ ವೆಚ್ಚ 75,000. ಕೂಡಿಸಿದರೆ ತಿಂಗಳಿಗೆ 2,86,000, ವರ್ಷಕ್ಕೆ 34.32 ಲಕ್ಷ. ಉಳಿದದ್ದು ಅಧಿವೇಶನದ ದಿನಭತ್ಯೆ (ದಿನಕ್ಕೆ 2,500), ವರ್ಷಕ್ಕೆ 34 ವಿಮಾನ ಪ್ರಯಾಣ ಇತ್ಯಾದಿ.

143 ಜನ ಕಡಿಮೆಯಾದರೆ ಉಳಿಯುವುದು 89 ಕೋಟಿ. ಸಚಿವಾಲಯದ ಖರ್ಚು ಬಹುತೇಕ ಹಾಗೇ ನಿಲ್ಲುತ್ತದೆ. ಸದನದಲ್ಲಿ 400 ಜನ ಕೂತರೂ 543 ಕೂತರೂ ವರದಿಗಾರರು, ಭಾಷಾಂತರಕಾರರು, ಗ್ರಂಥಾಲಯ, ಕಾವಲು ಅಷ್ಟೇ ಬೇಕು.

ಈಗ ಒಟ್ಟು ಬಜೆಟ್ಟಿಗೆ ಹಚ್ಚಿ ನೋಡ್ರಿ. ಆ ವರ್ಷದ ಕೇಂದ್ರ ಬಜೆಟ್ 50.65 ಲಕ್ಷ ಕೋಟಿ. ಅದರಲ್ಲಿ 89 ಕೋಟಿ ಅಂದರೆ ಲಕ್ಷ ರೂಪಾಯಿ ಖರ್ಚಿಗೆ ಒಂದು ಮುಕ್ಕಾಲು ರೂಪಾಯಿ. ದಿಲ್ಲಿಯ ವಸತಿ ನಿರ್ವಹಣೆಯಂಥ ಬೇರೆ ಸಚಿವಾಲಯದ ಲೆಕ್ಕದಲ್ಲಿ ಬೀಳುವುದನ್ನೆಲ್ಲ ಸೇರಿಸಿ ದುಪ್ಪಟ್ಟು ಹಿಡಿದರೂ ಮೂರೂವರೆ ರೂಪಾಯಿ. ಅದೇ ವರ್ಷ ಸಾಲದ ಬಡ್ಡಿಗೆ ಇಟ್ಟಿದ್ದು 12.76 ಲಕ್ಷ ಕೋಟಿ, ದಿನಕ್ಕೆ ಸುಮಾರು 3,500 ಕೋಟಿ. 143 ಸಂಸದರ ಇಡೀ ವರ್ಷದ ಖರ್ಚು ಮುಕ್ಕಾಲು ತಾಸಿನ ಬಡ್ಡಿಗೂ ಸಾಲುವುದಿಲ್ಲ.

ಬ್ಯಾಡಗಿ_ಡಬ್ಬಿ

ಲೆಕ್ಕ ಸರಿ ಐತ್ರಿ, ಆದ್ರ ದೊಡ್ಡ ಬಾಬ್ತು ಎರಡು ಬಿಟ್ಟೀರಿ. ಒಂದು ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಒಬ್ಬರಿಗೆ ವರ್ಷಕ್ಕ 5 ಕೋಟಿ. 143 ಮಂದಿ ಕಡಿಮೆ ಆದ್ರ ವರ್ಷಕ್ಕ 715 ಕೋಟಿ. ಎರಡನೇದ್ದು ಚುನಾವಣಾ ಖರ್ಚು. ಇವೆರಡನ್ನೂ ಸೇರಿಸಿ ಹೇಳ್ರಿ.

ಬಾಬ್ತು_ಲೆಕ್ಕ (ಧಾರವಾಡ)

ನಿಧಿಯ ಬಗ್ಗೆ ನಾನು ಹೇಳುತ್ತೇನೆ, ಚುನಾವಣೆ ಗೊತ್ತಿದ್ದವರು ಅದನ್ನು ಹೇಳಲಿ.

5 ಕೋಟಿ ಸರಿ, 2011-12ರಿಂದ ಅಷ್ಟೇ ಇದೆ. ಎರಡೂ ಸದನದ 788 ಸ್ಥಾನಕ್ಕೆ ಗುಣಿಸಿದರೆ 3,940 ಕೋಟಿ. ಅಂದರೆ ಎರಡೂ ಸದನ ನಡೆಸುವ ಖರ್ಚಿನ ಮೂರು ಪಟ್ಟು. ಆದರೆ ಈ ರೊಕ್ಕ ಸಂಸದರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಶಿಫಾರಸು ಮಾಡುತ್ತಾರೆ, ಮಂಜೂರಾತಿ ಮತ್ತು ಬಿಲ್ಲು ಜಿಲ್ಲಾಡಳಿತದ ಮೂಲಕ. ಶಾಲಾ ಕೊಠಡಿ, ಸಮುದಾಯ ಭವನ, ಬಸ್ ತಂಗುದಾಣ, ಕುಡಿಯುವ ನೀರು ಇಂಥವಕ್ಕೆ ಹೋಗುತ್ತದೆ. ಶೇ 15 ಪರಿಶಿಷ್ಟ ಜಾತಿ, ಶೇ 7.5 ಪರಿಶಿಷ್ಟ ಪಂಗಡದವರು ಇರುವ ಪ್ರದೇಶಕ್ಕೆ ಅಂತ ನಿಯಮ ಇದೆ.

ಈ ಬಾಬ್ತು ಉಳಿಸಬೇಕೆಂದರೆ ಒಬ್ಬ ಸಂಸದನನ್ನೂ ಕಡಿಮೆ ಮಾಡಬೇಕಾಗಿಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣಕ್ಕೆ ಈ ನಿಧಿಯನ್ನು ನಿಲ್ಲಿಸಿದ್ದರು, 2021ರ ನವೆಂಬರ್‌ನಲ್ಲಿ ಮತ್ತೆ ಬಿಟ್ಟರು. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಾಗಲಿಲ್ಲ. ಅದೇ ವೇಳೆ ಸಂಬಳ ಒಂದು ವರ್ಷ ಶೇ 30 ಕಡಿತ ಆಯಿತು. ಆಗಿನ ಸಂಬಳ 1 ಲಕ್ಷ, ಹಾಗಾಗಿ 788 ಜನರಿಂದ ಉಳಿದದ್ದು ಸುಮಾರು 28 ಕೋಟಿ. ನಿಧಿಯ ಪಕ್ಕದಲ್ಲಿ ಸಂಬಳ ಎಷ್ಟು ಸಣ್ಣದು ಅನ್ನುವುದು ಇಲ್ಲೇ ಕಾಣುತ್ತದೆ.

ಸೀಟು ಕಡಿಮೆ ಮಾಡಿ ನಿಧಿ ಉಳಿಸಿದರೆ ಇನ್ನೊಂದು ತೊಂದರೆ. ಈಗ 22 ಲಕ್ಷ ಜನರಿಗೆ 5 ಕೋಟಿ ಬರುತ್ತಿದ್ದರೆ ಆಗ 30 ಲಕ್ಷ ಜನರಿಗೆ ಅದೇ 5 ಕೋಟಿ. ಮುಂದಿನ ಬೇಡಿಕೆ ಏನಿರುತ್ತದೆ? ‘ಕ್ಷೇತ್ರ ದೊಡ್ಡದಾಗೇದ, 8 ಕೋಟಿ ಮಾಡ್ರಿ’ ಅಂತ. ಕ್ಷೇತ್ರ ಭತ್ಯೆಗೂ ಇದೇ ವಾದ ಬರುತ್ತದೆ. ಉಳಿದದ್ದು ಅಲ್ಲೇ ಕರಗುತ್ತದೆ.

ಮತಗಟ್ಟೆ_ಹುಬ್ಬಳ್ಳಿ

ಚುನಾವಣೆ ಖರ್ಚು ಸೀಟಿನ ಮೇಲೆ ನಿಂತಿಲ್ಲ, ಮತಗಟ್ಟೆಯ ಮೇಲೆ ನಿಂತಿದೆ. ಇದು ಬಹಳ ಜನ ತಪ್ಪು ತಿಳಿಯುವ ಜಾಗ.

ಒಂದು ಮತಗಟ್ಟೆಗೆ ಇಂತಿಷ್ಟೇ ಮತದಾರರು ಅಂತ ಮಿತಿ ಇದೆ. ಮೊದಲು 1,500 ಇತ್ತು, 2025ರಲ್ಲಿ ಆಯೋಗ ಅದನ್ನು 1,200ಕ್ಕೆ ಇಳಿಸಿದೆ. ಮತದಾರರು ಅಷ್ಟೇ ಇದ್ದರೆ ಮತಗಟ್ಟೆ ಅಷ್ಟೇ, ಮತಯಂತ್ರ ಅಷ್ಟೇ, ವಿವಿಪ್ಯಾಟ್ (ಹಾಕಿದ ಮತದ ಚೀಟಿ ತೋರಿಸುವ ಯಂತ್ರ) ಅಷ್ಟೇ. ಮತಗಟ್ಟೆ ಅಧಿಕಾರಿಗಳು, ಪೊಲೀಸರು, ಸೆಕ್ಟರ್ ಅಧಿಕಾರಿ, ಸಿಬ್ಬಂದಿ ಒಯ್ಯುವ ಬಸ್ಸು, ಮಸ್ಟರಿಂಗ್ ಕೇಂದ್ರದ ಪೆಂಡಾಲು ಯಾವುದೂ ಕಡಿಮೆ ಆಗುವುದಿಲ್ಲ. ಲೋಕಸಭೆ ಚುನಾವಣೆಯನ್ನೂ ನಡೆಸುವುದು ವಿಧಾನಸಭಾ ಕ್ಷೇತ್ರದ ಲೆಕ್ಕದಲ್ಲೇ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಬ್ಬ ಸಹಾಯಕ ಚುನಾವಣಾಧಿಕಾರಿ, ಸಾಮಾನ್ಯವಾಗಿ 14 ಟೇಬಲ್ಲಿನ ಎಣಿಕೆ ಕೊಠಡಿ, ಐದು ವಿವಿಪ್ಯಾಟ್ ಚೀಟಿ ತಾಳೆ. ಧಾರವಾಡ ಲೋಕಸಭೆಯಲ್ಲಿ ಈಗ ಇಂಥವು ಎಂಟು. ನಾಳೆ ಹನ್ನೊಂದು ಸೇರಿಸಿ ಒಂದು ಲೋಕಸಭೆ ಮಾಡಿದರೂ ರಾಜ್ಯದಲ್ಲಿ ಒಟ್ಟು 224ರ ಕೆಲಸ 224ರದ್ದೇ. ಉಳಿಯುವುದು ಕೆಲವು ಚುನಾವಣಾಧಿಕಾರಿ ಕಚೇರಿ, ಕೆಲವು ವೀಕ್ಷಕರ ಓಡಾಟ.

ಅಭ್ಯರ್ಥಿಗಳ ಕಡೆ ಖರ್ಚು ಏರುತ್ತದೆ. ಲೋಕಸಭೆಗೆ ದೊಡ್ಡ ರಾಜ್ಯಗಳಲ್ಲಿ ವೆಚ್ಚ ಮಿತಿ 95 ಲಕ್ಷ, 2022ರ ಜನವರಿಯಿಂದ. ಎಂಟು ವಿಧಾನಸಭಾ ಕ್ಷೇತ್ರ ಸುತ್ತುವ ಜಾಗದಲ್ಲಿ ಹನ್ನೊಂದು ಸುತ್ತಬೇಕಾದರೆ ಮಿತಿ ಏರಿಸಬೇಕಾಗುತ್ತದೆ. ರೊಕ್ಕ ಇಲ್ಲದವರು ನಿಲ್ಲುವುದು ಇನ್ನಷ್ಟು ಕಷ್ಟವಾಗುತ್ತದೆ.

ಬ್ಯಾಡಗಿ_ಡಬ್ಬಿ

ಮತಗಟ್ಟೆ ಲೆಕ್ಕ ಒಪ್ಪಿದೆ. ಆ ವಾದ ಬಿಟ್ಟೆ.

ಸಾಧನಕೇರಿ_ವಕೀಲ

ಇದನ್ನು ಮಾಡಲು ಏನೇನು ಆಗಬೇಕು ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಸಂವಿಧಾನದ 81ನೇ ವಿಧಿ ಹೇಳುವುದು ಗರಿಷ್ಠ ಸಂಖ್ಯೆ ಮಾತ್ರ. ರಾಜ್ಯಗಳಿಂದ 530 ಮೀರಬಾರದು, ಕೇಂದ್ರಾಡಳಿತ ಪ್ರದೇಶಗಳಿಂದ 20 ಮೀರಬಾರದು. ಕನಿಷ್ಠ ಇಷ್ಟಿರಬೇಕು ಅಂತ ಅಲ್ಲಿ ಬರೆದಿಲ್ಲ. ಹಾಗಾದರೆ ಸುಲಭ ಅನ್ನಿಸಬಹುದು, ಆದರೆ ಗಂಟು ಬೇರೆ ಕಡೆ ಇದೆ. 1976ರ 42ನೇ ತಿದ್ದುಪಡಿ ರಾಜ್ಯವಾರು ಸೀಟಿನ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಆ ಕಟ್ಟನ್ನು ‘2026ರ ನಂತರದ ಮೊದಲ ಜನಗಣತಿ’ವರೆಗೆ ಎಳೆಯಿತು. 87ನೇ ತಿದ್ದುಪಡಿ 2001ರ ಗಣತಿಯ ಮೇಲೆ ಗಡಿ ಮಾತ್ರ ಬದಲಿಸಲು ಬಿಟ್ಟಿತು. ನಮ್ಮ ‘ಧಾರವಾಡ ಉತ್ತರ’, ‘ಧಾರವಾಡ ದಕ್ಷಿಣ’ ಹೋಗಿ 2009ರ ಚುನಾವಣೆಗೆ ‘ಧಾರವಾಡ’, ‘ಹಾವೇರಿ’ ಬಂದದ್ದು ಹಾಗೆ. ರಾಜ್ಯದ 28 ಮಾತ್ರ ಅಲುಗಲಿಲ್ಲ.

ಈ ಕಟ್ಟು ಇರುವವರೆಗೆ ಸಂಖ್ಯೆ ಮುಟ್ಟಬೇಕೆಂದರೆ 368ನೇ ವಿಧಿಯ ದಾರಿ. ಪ್ರತಿ ಸದನದಲ್ಲಿ ಒಟ್ಟು ಸದಸ್ಯರ ಬಹುಮತ, ಜೊತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡು. ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯವನ್ನು ಬದಲಿಸುವುದರಿಂದ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳೂ ಒಪ್ಪಬೇಕು. 28 ರಾಜ್ಯ, ಅಂದರೆ ಕನಿಷ್ಠ 14. ಆಮೇಲೆ ಪುನರ್‌ವಿಂಗಡಣಾ (ಕ್ಷೇತ್ರಗಳನ್ನು ಹೊಸದಾಗಿ ಹಂಚಿ ಗಡಿ ಹಾಕುವ) ಕಾಯ್ದೆ, ಆಯೋಗ, ಕರಡು, ಆಕ್ಷೇಪಣೆ, ಅಹವಾಲು. ಹಿಂದಿನ ಆಯೋಗ 2002ರ ಕಾಯ್ದೆಯಲ್ಲಿ ಶುರುವಾಗಿ ಆದೇಶ ಜಾರಿಗೆ ಬಂದದ್ದು 2008ರಲ್ಲಿ. ಆಯೋಗದ ಆದೇಶವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು 329ನೇ ವಿಧಿ ಅಡ್ಡ. 82ನೇ ವಿಧಿಯ ಪ್ರಕಾರ ಆಗ ಇರುವ ಲೋಕಸಭೆ ವಿಸರ್ಜನೆ ಆಗುವವರೆಗೆ ಬದಲಾವಣೆ ತಟ್ಟುವುದೂ ಇಲ್ಲ. ಹಾಗಾಗಿ ಮೊದಲ ರೂಪಾಯಿ ಉಳಿಯಲು ವರ್ಷಗಟ್ಟಲೆ ಬೇಕು.

ಈಗ ಹಂಚಿಕೆ ನೋಡಿ. 81(2)ರ ಪ್ರಕಾರ ರಾಜ್ಯಗಳ ನಡುವೆ ಜನಸಂಖ್ಯೆ ಮತ್ತು ಸೀಟಿನ ಅನುಪಾತ ಸಮ ಇರಬೇಕು, ಆದರೆ 60 ಲಕ್ಷ ಮೀರದ ಜನಸಂಖ್ಯೆಯ ರಾಜ್ಯಗಳಿಗೆ ಈ ನಿಯಮ ಇಲ್ಲ. 2011ರ ಗಣತಿಯ ಮೇಲೆ 400 ಸೀಟು ಹಂಚಿದರೆ ಅಂದಾಜು ಹೀಗೆ ಬೀಳುತ್ತದೆ: ಉತ್ತರ ಪ್ರದೇಶ 80ರಿಂದ 66, ತಮಿಳುನಾಡು 39ರಿಂದ 24, ಕೇರಳ 20ರಿಂದ 11, ಕರ್ನಾಟಕ 28ರಿಂದ 20. ಕುಟುಂಬ ಯೋಜನೆ ಪಾಲಿಸಿದ ರಾಜ್ಯಗಳಿಗೆ ಹೊಡೆತ ಬೀಳಬಾರದು ಅಂತಲೇ ಆ ಕಟ್ಟು ಹಾಕಿದ್ದು. ಸಂಖ್ಯೆ ಏರಿಸುವಾಗ ಯಾರ ಸೀಟೂ ಇಳಿಸದೆ ಹಂಚುವ ಅವಕಾಶವಾದರೂ ಇರುತ್ತದೆ. ಇಳಿಸುವಾಗ ಅದೂ ಇಲ್ಲ.

ಮೀಸಲು ಕ್ಷೇತ್ರವನ್ನೂ ಮರೆಯಬಾರದು. ಕರ್ನಾಟಕದ 28ರಲ್ಲಿ ಪರಿಶಿಷ್ಟ ಜಾತಿಗೆ 5, ಪಂಗಡಕ್ಕೆ 2. ಸೀಟು 20 ಆದರೆ 2011ರ ಜನಸಂಖ್ಯೆ ಅನುಪಾತದಲ್ಲಿ 3 ಮತ್ತು 1ಕ್ಕೆ ಇಳಿಯುತ್ತದೆ. ವರ್ಷಕ್ಕೆ 89 ಕೋಟಿಗೆ ಇದನ್ನೆಲ್ಲ ಕೊಡಬೇಕೇ ಅನ್ನುವುದೇ ನನ್ನ ಪ್ರಶ್ನೆ.

ನರಗುಂದ_ಮಲಪ್ರಭಾ

ನಮ್ಮ ಮೂರು ಜಿಲ್ಲೆಗೆ ಇದು ಹೆಂಗ ಬೀಳತೈತಿ ನೋಡ್ರಿ. ಧಾರವಾಡ ಜಿಲ್ಲೆಯೊಳಗ ಏಳು ವಿಧಾನಸಭಾ ಕ್ಷೇತ್ರ, ಹಾವೇರಿಯೊಳಗ ಆರು, ಗದಗಿನ್ಯಾಗ ನಾಕು. ಒಟ್ಟ 17. ಧಾರವಾಡ ಲೋಕಸಭೆಗೆ ಜಿಲ್ಲೆಯ ಏಳು ಮತ್ತ ಹಾವೇರಿ ಜಿಲ್ಲೆಯ ಶಿಗ್ಗಾವಿ. ಹಾವೇರಿ ಲೋಕಸಭೆಗೆ ಗದಗ, ರೋಣ, ಶಿರಹಟ್ಟಿ ಜೋಡಿ ಹಾನಗಲ್ಲ, ಹಾವೇರಿ, ಬ್ಯಾಡಗಿ, ಹಿರೇಕೆರೂರ, ರಾಣೆಬೆನ್ನೂರ. ನಮ್ಮ ನರಗುಂದ ಗದಗ ಜಿಲ್ಲೆಯೊಳಗ ಇದ್ದರೂ ಬಾಗಲಕೋಟಿ ಲೋಕಸಭೆಗೆ ಹೋಗೇತಿ.

ರಾಜ್ಯಕ್ಕ 20 ಸೀಟು ಅಂದ್ರ ಒಂದು ಲೋಕಸಭೆಗೆ 11 ವಿಧಾನಸಭೆ, 30 ಲಕ್ಷ ಮಂದಿ. 2011ರ ಗಣತಿಯೊಳಗ ಧಾರವಾಡ 18.47 ಲಕ್ಷ, ಗದಗ 10.65, ಹಾವೇರಿ 15.98. ಧಾರವಾಡದ ಏಳು, ಗದಗಿನ ನಾಕು ಸೇರಿದ್ರ ಸರಿಯಾಗಿ 11, ಮಂದಿ 29 ಲಕ್ಷ. ನರಗುಂದ ಆಗ ತನ್ನ ಜಿಲ್ಲೆ ಜೋಡಿ ಸೇರತೈತಿ, ಅದು ನಮಗ ಬೇಕಾದದ್ದೇ. ಆದ್ರ ಹಾವೇರಿ ಒಬ್ಬಂಟಿ ಉಳೀತೈತಿ. 16 ಲಕ್ಷಕ್ಕ ಇನ್ನೂ 14 ಲಕ್ಷ ಬೇಕು. ದಾವಣಗೆರೆ, ಶಿವಮೊಗ್ಗ ಇಲ್ಲಾ ಉತ್ತರ ಕನ್ನಡದ ತುಣುಕು ಹಚ್ಚಬೇಕಾಗತೈತಿ. ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿ ಪ್ರಶ್ನೆ, ಶಿರಸಿ ಕಡೆ ಅಡಕಿ ಪ್ರಶ್ನೆ, ತುಂಗಭದ್ರಾ ದಂಡಿ ಪ್ರಶ್ನೆ ಎಲ್ಲಾನೂ ಒಬ್ಬರ ಮುಂದ.

ಗೋವಾ ಜೋಡಿ ಇರೂ ಮಹದಾಯಿ ನದಿ ನೀರಿನ ಜಗಳ ತೊಗೊಳ್ರಿ. ನ್ಯಾಯಮಂಡಳಿ 2018ರ ಆಗಸ್ಟಿನ್ಯಾಗ ಕರ್ನಾಟಕಕ್ಕ 13.42 ಟಿಎಂಸಿ ಕೊಟ್ಟತು, 2020ರ ಫೆಬ್ರುವರಿಯೊಳಗ ಗೆಜೆಟ್ ಆತು. ಆ ನೀರು ತರೂ ಕಳಸಾ-ಬಂಡೂರಿ ಯೋಜನೆಗೆ ಅರಣ್ಯ, ವನ್ಯಜೀವಿ ಅನುಮತಿ ಕೇಂದ್ರದ ಕೈಯಾಗ ಐತಿ. ಗೋವಾಕ್ಕ ಲೋಕಸಭೆಯೊಳಗ ಎರಡು ಸೀಟು. ಅದರ ಜನಸಂಖ್ಯೆ 14.6 ಲಕ್ಷ, ವಕೀಲರು ಹೇಳಿದ 60 ಲಕ್ಷದ ವಿನಾಯ್ತಿ ಒಳಗ ಬರತೈತಿ, ಹಿಂಗಾಗಿ ಅದರ ಎರಡು ಎರಡೇ ಉಳಿಯಬಹುದು. ನಮ್ಮದು 28 ಇದ್ದದ್ದು 20. ಮಲಪ್ರಭಾ ಅಚ್ಚುಕಟ್ಟಿನ ಯಾವ ರೈತ ಇದನ್ನ ಒಪ್ಪತಾನ?

ಮುದ್ರಣಕಾಶಿ_ಗದಗ

ಹಂಚಿಕೆಯ ಅನ್ಯಾಯ ಬೇರೆ ಪ್ರಶ್ನೆ, ಅದನ್ನು ಇರುವ ಅನುಪಾತದಲ್ಲೇ ಇಳಿಸಿ ಸರಿ ಮಾಡಬಹುದು. ಎಲ್ಲ ರಾಜ್ಯಕ್ಕೂ ಒಂದೇ ಶೇಕಡಾ ಕಡಿತ. ಹೊರದೇಶಗಳಲ್ಲಿ ಇದು ಆಗಿದೆ ಅನ್ನುವುದಕ್ಕೆ ಉತ್ತರ ಬರಲಿಲ್ಲ. ಇಟಲಿ ಇದೆ, ಜರ್ಮನಿ ಇದೆ. ಹಂಗೇರಿ 386ರಿಂದ 199ಕ್ಕೆ ಬಂತು.

ಉಣಕಲ್_ಕೆರೆ

ಒಂದೇ ಶೇಕಡಾ ಕಡಿತ ಸಿಕ್ಕಿಂ, ಮಿಜೋರಾಂ, ನಾಗಾಲ್ಯಾಂಡಿಗೆ ಹೇಗೆ? ಅವಕ್ಕೆ ಇರುವುದೇ ಒಂದೊಂದು. ಅವನ್ನು ಬಿಟ್ಟು ಕಡಿತ ಮಾಡಿದರೆ ಉಳಿದವರ ಪಾಲಿನದು ಇನ್ನಷ್ಟು ಇಳಿಯುತ್ತದೆ.

ಹೊರದೇಶದ ವಿಚಾರ. ಇಟಲಿಯಲ್ಲಿ ಕೆಳಮನೆ 630ರಿಂದ 400, ಸೆನೆಟ್ 315ರಿಂದ 200. ಜನಮತದಲ್ಲಿ ಸುಮಾರು ಶೇ 70 ಹೌದು ಅಂದರು, 2022ರ ಚುನಾವಣೆಯಲ್ಲಿ ಜಾರಿಯಾಯಿತು. ಅಲ್ಲಿನ ಸಾರ್ವಜನಿಕ ಲೆಕ್ಕ ಅಧ್ಯಯನ ಮಾಡುವವರು ತೆಗೆದ ನಿವ್ವಳ ಉಳಿತಾಯ ವರ್ಷಕ್ಕೆ 5.7 ಕೋಟಿ ಯೂರೊ, ಸರ್ಕಾರಿ ವೆಚ್ಚದ ಶೇ 0.007. ಬೇಡಿಕೆ ಇಟ್ಟವರು ಹೇಳಿದ್ದು ವರ್ಷಕ್ಕೆ 10 ಕೋಟಿ. ಸಂಬಳದಿಂದ ವಾಪಸ್ ಬರುತ್ತಿದ್ದ ತೆರಿಗೆಯನ್ನು ಕಳೆದರೆ ಅಷ್ಟು ಉಳಿಯುವುದಿಲ್ಲ. ಸೆನೆಟ್ಟಿನಲ್ಲಿ ಸಮಿತಿಗೆ ಜನ ಸಾಲದೆ 14 ಸ್ಥಾಯಿ ಸಮಿತಿಗಳನ್ನು ಕೂಡಿಸಿ 10 ಮಾಡಬೇಕಾಯಿತು.

ಜರ್ಮನಿಯದು ಬೇರೆ ರೋಗ. ಅಲ್ಲಿ ಮೂಲ ಸಂಖ್ಯೆ 598, ಆದರೆ ಚುನಾವಣಾ ಪದ್ಧತಿಯ ಹೆಚ್ಚುವರಿ ಸೀಟುಗಳಿಂದ 2021ರಲ್ಲಿ ಅದು 736 ಆಯಿತು. 2023ರ ಕಾನೂನು 630ಕ್ಕೆ ಕಟ್ಟಿತು. ಪರಿಣಾಮ, 2025ರಲ್ಲಿ ತಮ್ಮ ಕ್ಷೇತ್ರದಲ್ಲಿ ಮೊದಲು ಬಂದ 23 ಜನರಿಗೆ ಸೀಟು ಸಿಗಲಿಲ್ಲ. ನಮ್ಮಲ್ಲಿ ಸಂಖ್ಯೆ ತಾನಾಗಿ ಉಬ್ಬುವುದಿಲ್ಲ. ನ್ಯೂಜಿಲೆಂಡಿನಲ್ಲಿ 1999ರ ಜನಮತದಲ್ಲಿ ಶೇ 81.5 ಜನ 120ರಿಂದ 99ಕ್ಕೆ ಇಳಿಸಿ ಅಂದರು, ಸಂಸತ್ತು ಅದನ್ನು ಜಾರಿ ಮಾಡಲಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ಕಡಿತದ ನಂತರವೂ ಇಟಲಿಯ ಕೆಳಮನೆಯಲ್ಲಿ ಒಬ್ಬರಿಗೆ ಒಂದೂವರೆ ಲಕ್ಷ ಜನ. ಬ್ರಿಟನ್ನಿನ 650ರಲ್ಲಿ ಒಬ್ಬರಿಗೆ ಸುಮಾರು ಒಂದು ಲಕ್ಷ. ನಮ್ಮಲ್ಲಿ ಕಡಿತಕ್ಕೂ ಮುಂಚೆಯೇ 22 ಲಕ್ಷ, ಅದೂ 2011ರ ಲೆಕ್ಕ. 1971ರಲ್ಲಿ ಅದು 10 ಲಕ್ಷ ಇತ್ತು. ಸದಸ್ಯರು ಅಷ್ಟೇ ಇದ್ದು ಜನ ಎರಡು ಪಟ್ಟಾದರು ಅಂದರೆ ಕಡಿತ ಆಗಲೇ ಆಗಿಬಿಟ್ಟಿದೆ.

ಹಾವೇರಿ_ಏಲಕ್ಕಿ

ಸಮಿತಿಯ ಮಾತು ಬಂತು, ಅದನ್ನು ನಮ್ಮ ಸಂಸತ್ತಿಗೆ ಹಚ್ಚಬೇಕು. ಸರ್ಕಾರದ ಖರ್ಚು ಪರಿಶೀಲಿಸುವ ಕೆಲಸ ನಡೆಯುವುದು ಸದನದಲ್ಲಿ ಕಡಿಮೆ, ಸಮಿತಿಯಲ್ಲಿ ಹೆಚ್ಚು. ಇಲಾಖಾವಾರು ಸ್ಥಾಯಿ ಸಮಿತಿಗಳು 24. ಪ್ರತಿಯೊಂದರಲ್ಲಿ 31 ಜನ, ಲೋಕಸಭೆಯಿಂದ 21, ರಾಜ್ಯಸಭೆಯಿಂದ 10. ಲೋಕಸಭೆಯವರೇ ತುಂಬಬೇಕಾದ ಜಾಗ 504. ಮಂತ್ರಿಗಳು ಇವುಗಳಲ್ಲಿ ಇರುವಂತಿಲ್ಲ. 543ರಲ್ಲಿ ಮಂತ್ರಿಗಳನ್ನು, ಸಭಾಧ್ಯಕ್ಷರನ್ನು ತೆಗೆದರೆ ಈಗಲೇ ತಲೆಗೆ ಒಂದೊಂದು ಸಮಿತಿ ಬರುತ್ತದೆ. ಇವುಗಳ ಮೇಲೆ ಲೆಕ್ಕಪತ್ರ ಸಮಿತಿಗೆ 15, ಸಾರ್ವಜನಿಕ ಉದ್ದಿಮೆ ಸಮಿತಿಗೆ 15, ಅಂದಾಜು ಸಮಿತಿಗೆ 30, ಇನ್ನೂ ಹಲವು.

400ಕ್ಕೆ ಇಳಿಸಿದರೆ ಮಂತ್ರಿಗಳನ್ನು ಕಳೆದು 340-350 ಉಳಿಯುತ್ತಾರೆ. ಅಷ್ಟರಲ್ಲಿ 504 ಜಾಗ ತುಂಬಬೇಕು. ಎರಡು ಸಮಿತಿಯ ಸಭೆ ಒಂದೇ ದಿನ ಬಿದ್ದರೆ ಒಂದಕ್ಕೆ ಗೈರು. ಇಲಾಖೆಗಳ ಅನುದಾನ ಬೇಡಿಕೆ ಪರಿಶೀಲನೆಗೆ ಸಿಗುವುದು ಬಜೆಟ್ ಅಧಿವೇಶನದ ನಡುವಿನ ಬಿಡುವಿನ ಕೆಲವೇ ವಾರ. ಅಲ್ಲಿ ಒಬ್ಬ ಸದಸ್ಯ ಅನುದಾನದ ಒಂದು ಶೀರ್ಷಿಕೆ ಓದದೆ ಬಿಟ್ಟರೆ ಕೈತಪ್ಪುವ ಮೊತ್ತದ ಮುಂದೆ 89 ಕೋಟಿ ಏನೂ ಅಲ್ಲ. ಖರ್ಚು ಕಡಿಮೆ ಮಾಡಲು ಹೊರಟು ಖರ್ಚಿನ ಮೇಲೆ ಕಣ್ಣಿಡುವವರನ್ನೇ ಕಡಿಮೆ ಮಾಡುತ್ತೇವೆ. ನನಗೆ ಇದೇ ದೊಡ್ಡ ಆಕ್ಷೇಪ.

ಬ್ಯಾಡಗಿ_ಡಬ್ಬಿ

ಇದಕ್ಕ ಎದುರು ಮಾತು ಐತಿ. ಲೋಕಸಭೆಯೊಳಗ ದಿನಕ್ಕ ಚುಕ್ಕಿ ಗುರುತಿನ (ಬಾಯಿಂದ ಉತ್ತರ ಕೊಡೂ) ಪ್ರಶ್ನೆ 20, ಗುರುತಿಲ್ಲದ್ದು (ಬರದು ಉತ್ತರ ಕೊಡೂದು) 230. ಚೀಟಿ ಎತ್ತಿ ಆರಿಸ್ತಾರ. ಸದಸ್ಯರು ಕಡಿಮೆ ಆದ್ರ ಒಬ್ಬೊಬ್ಬರ ಸರದಿ ಜಲ್ದಿ ಬರತೈತಿ, ಮಾತಾಡಾಕ ವೇಳೆ ಸಿಗತೈತಿ. 543ರಾಗ ಎಷ್ಟ ಮಂದಿ ಐದು ವರ್ಷ ಬಾಯಿ ಬಿಡದ ಕೂತು ಬರ್ತಾರ? ಮತ್ತ 2003ರ 91ನೇ ತಿದ್ದುಪಡಿ ನೋಡ್ರಿ. ಮಂತ್ರಿ ಸಂಖ್ಯೆ ಶೇ 15ಕ್ಕ ಕಟ್ಟಿದ್ರು. ನಮ್ಮ ರಾಜ್ಯದಾಗ 34 ಮೀರೂಹಂಗಿಲ್ಲ. ಕಡಿತ ಆಗತೈತಿ ಅನ್ನೂದಕ್ಕ ಇದು ಸಾಕ್ಷಿ.

ಸಾಧನಕೇರಿ_ವಕೀಲ

ಪ್ರಶ್ನೆಯ ಸರದಿ ಬಗ್ಗೆ ನೀವು ಹೇಳಿದ್ದು ಸದಸ್ಯರಿಗೆ ಸರಿ. ಆದರೆ ಜನರ ಲೆಕ್ಕದಲ್ಲಿ ದಿನದ 250 ಪ್ರಶ್ನೆ 250ರದ್ದೇ. ವೇಳೆ ಹೆಚ್ಚಬೇಕೆಂದರೆ ದಿನ ಹೆಚ್ಚಬೇಕು. 17ನೇ ಲೋಕಸಭೆ ಐದು ವರ್ಷದಲ್ಲಿ ಕೂತದ್ದು 274 ದಿನ, ವರ್ಷಕ್ಕೆ 55. ಆ ಸರಾಸರಿಗೆ 903 ಕೋಟಿ ಹಚ್ಚಿದರೆ ಒಂದು ಕಲಾಪದ ದಿನಕ್ಕೆ 16 ಕೋಟಿ ಬೀಳುತ್ತದೆ. ಗದ್ದಲದಲ್ಲಿ ಐದಾರು ದಿನ ಹೋದರೆ ನಿಮ್ಮ 143 ಜನರ ವರ್ಷದ ಉಳಿತಾಯ ಹೋಯಿತು.

91ನೇ ತಿದ್ದುಪಡಿ ಒಳ್ಳೆಯದೇ. ಆದರೆ ಮುಂದೇನಾಯಿತು? ಮಂತ್ರಿ ಸ್ಥಾನ ಸಿಗದವರಿಗೆ ಸಂಸದೀಯ ಕಾರ್ಯದರ್ಶಿ, ನಿಗಮ-ಮಂಡಳಿ ಅಧ್ಯಕ್ಷಗಿರಿ, ಸಂಪುಟ ದರ್ಜೆ. ಅಸ್ಸಾಮಿನ ಸಂಸದೀಯ ಕಾರ್ಯದರ್ಶಿ ಕಾಯ್ದೆಯನ್ನು 2017ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಬೇಕಾಯಿತು. ಸಂಖ್ಯೆಗೆ ಬೇಲಿ ಹಾಕಿ ಸವಲತ್ತು ಬಿಟ್ಟರೆ ಖರ್ಚು ಬೇರೆ ಹೆಸರಿನಲ್ಲಿ ಬರುತ್ತದೆ. ಮೊದಲು ಸವಲತ್ತಿಗೆ ಬೇಲಿ ಹಾಕಬೇಕು.

ಮುದ್ರಣಕಾಶಿ_ಗದಗ

ಸಮಿತಿಯ ಲೆಕ್ಕ ನನ್ನನ್ನು ಯೋಚನೆಗೆ ಹಚ್ಚಿತು. 400ರ ಮಾತು ಬದಿಗಿಡುತ್ತೇನೆ. ಆದರೆ ಮೇಲಿನವರಿಂದ ಶುರುವಾಗಬೇಕು ಅನ್ನುವುದನ್ನು ಬಿಡುವುದಿಲ್ಲ. ಸಂವಿಧಾನ ಮುಟ್ಟದೆ ಏನು ಮಾಡಬಹುದು, ಅದನ್ನು ಹೇಳಿ.

ಬಾಬ್ತು_ಲೆಕ್ಕ (ಧಾರವಾಡ)

1954ರ ಸಂಸತ್ ಸದಸ್ಯರ ಸಂಬಳ, ಭತ್ಯೆ ಮತ್ತು ಪಿಂಚಣಿ ಕಾಯ್ದೆ. ಸಾಮಾನ್ಯ ಬಹುಮತದಲ್ಲಿ ತಿದ್ದಬಹುದು. 8ಎ ಕಲಂ ಪ್ರಕಾರ ಮಾಜಿ ಸಂಸದರಿಗೆ ತಿಂಗಳಿಗೆ 31,000 ಪಿಂಚಣಿ, ಎಷ್ಟೇ ಕಡಿಮೆ ಅವಧಿ ಇದ್ದರೂ. ಐದು ವರ್ಷ ಮೀರಿದ ಪ್ರತಿ ವರ್ಷಕ್ಕೆ 2,500 ಹೆಚ್ಚು. ಶಾಸಕರಾಗಿದ್ದವರಿಗೆ ರಾಜ್ಯದ ಪಿಂಚಣಿ ಬೇರೆ. 2018ರಲ್ಲಿ ಸುಪ್ರೀಂ ಕೋರ್ಟ್ ಸಂಸದರ ಪಿಂಚಣಿಯನ್ನು ಎತ್ತಿಹಿಡಿದಿದೆ, ಹಾಗಾಗಿ ನ್ಯಾಯಾಲಯದ ದಾರಿ ಮುಚ್ಚಿದೆ, ಕಾಯ್ದೆಯ ದಾರಿ ತೆರೆದಿದೆ. ಪಂಜಾಬ್ 2022ರಲ್ಲಿ ಎಷ್ಟು ಸಲ ಗೆದ್ದರೂ ಶಾಸಕರಿಗೆ ಒಂದೇ ಪಿಂಚಣಿ ಅಂತ ಕಾನೂನು ಮಾಡಿತು.

ರಾಜ್ಯವನ್ನೂ ಬಿಡಬೇಡಿ. 2025ರ ಮಾರ್ಚಿನಲ್ಲಿ ನಮ್ಮ ಶಾಸಕರ ಮೂಲ ಸಂಬಳ 40,000ದಿಂದ 80,000 ಆಯಿತು, ಪಿಂಚಣಿ 50,000ದಿಂದ 75,000. ಸದಸ್ಯರು ತಮ್ಮ ಸಂಬಳ ತಾವೇ ಏರಿಸಿಕೊಳ್ಳುವ ಪದ್ಧತಿ ಇದು. ಸಂಸತ್ತಿನಲ್ಲಿ 2018ರ ಹಣಕಾಸು ಕಾಯ್ದೆಯಿಂದ ಐದು ವರ್ಷಕ್ಕೊಮ್ಮೆ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದಾರೆ. ರಾಜ್ಯಕ್ಕೂ ಅಷ್ಟಾದರೂ ಬರಲಿ.

ಉಣಕಲ್_ಕೆರೆ

ವಿಧಾನ ಪರಿಷತ್ತು? 75 ಸ್ಥಾನ. 169ನೇ ವಿಧಿಯಲ್ಲಿ ವಿಧಾನಸಭೆ ಮೂರನೇ ಎರಡರ ನಿರ್ಣಯ ಮಾಡಿ ಕಳಿಸಿದರೆ ಸಂಸತ್ತು ಸಾಮಾನ್ಯ ಕಾನೂನಿನಲ್ಲಿ ತೆಗೆಯಬಹುದು. ತಮಿಳುನಾಡು 1986ರಲ್ಲಿ ತೆಗೆಸಿತು.

ಹಾವೇರಿ_ಏಲಕ್ಕಿ

ಆಂಧ್ರ 1985ರಲ್ಲಿ ತೆಗೆದು 2007ರಲ್ಲಿ ವಾಪಸ್ ತಂದಿತು, 2020ರಲ್ಲಿ ಮತ್ತೆ ತೆಗೆಯುವ ನಿರ್ಣಯ ಮಾಡಿ 2021ರಲ್ಲಿ ಅದನ್ನೂ ಹಿಂದೆಗೆದುಕೊಂಡಿತು. ಪರಿಷತ್ತಿನ ಚರ್ಚೆ ದೊಡ್ಡದು, ಬೇರೆ ಎಳೆ ತೆಗೆಯೋಣ. ಪಶ್ಚಿಮ ಪದವೀಧರ ಕ್ಷೇತ್ರದ ಮತದಾರರು ಇಲ್ಲಿ ಬಹಳ ಜನ ಇದ್ದಾರೆ, ಅವರೂ ಮಾತಾಡಲಿ.

ಸಾಧನಕೇರಿ_ವಕೀಲ

ಗದಗದ ಸರ್ ಕೇಳಿದ್ದಕ್ಕೆ ಮಾಡುವ ಕೆಲಸ ಇದು. ಲೋಕಸಭೆಗೆ ಸಾರ್ವಜನಿಕರು ಅರ್ಜಿ ಸಲ್ಲಿಸಬಹುದು, ಅದನ್ನು 15 ಸದಸ್ಯರ ಅರ್ಜಿಗಳ ಸಮಿತಿ ನೋಡುತ್ತದೆ. ಅರ್ಜಿ ಸದನದಲ್ಲಿ ಮಂಡನೆ ಆಗಲು ಒಬ್ಬ ಸಂಸದರ ಮೇಲುಸಹಿ ಬೇಕು. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದಕ್ಕೂ ಸಹಿ ಹಾಕಿ ಲಗತ್ತಿಸಬೇಕು. ಭಾಷೆ ಗೌರವದಿಂದ ಇರಬೇಕು, ಕೊನೆಗೆ ಏನು ಬೇಕು ಅನ್ನುವುದು ಖಚಿತವಾಗಿರಬೇಕು. ಬಹಳ ಅರ್ಜಿಗಳು ಬಿದ್ದುಹೋಗುವುದು ಇಲ್ಲೇ: ಹತ್ತು ಪುಟ ಬೈಗುಳ, ಕೋರಿಕೆ ಒಂದೂ ಇಲ್ಲ.

ಮೇಲೆ ಹೇಳಿದ 1954ರ ಸಂಬಳ ಕಾಯ್ದೆಯ 9ನೇ ಕಲಂ ಅಡಿ ಸಂಬಳ-ಭತ್ಯೆಗೆ 15 ಜನರ ಜಂಟಿ ಸಮಿತಿ ಇದೆ, ಲೋಕಸಭೆಯ 10, ರಾಜ್ಯಸಭೆಯ 5. ಅದಕ್ಕೂ ಪ್ರತಿ ಕಳಿಸಬೇಕು.

ಕೋರಿಕೆ ಮೂರೇ ಸಾಕು. ಒಂದು, 8ಎ ಕಲಂಗೆ ಕನಿಷ್ಠ ಐದು ವರ್ಷದ ಅವಧಿ ಮತ್ತು ಎರಡು ಪಿಂಚಣಿ ಇದ್ದರೆ ಒಂದನ್ನು ಬಿಡುವ ಷರತ್ತು. ಎರಡು, ಪ್ರತಿ ಸದಸ್ಯರ ಪ್ರಯಾಣ ಮತ್ತು ಭತ್ಯೆಯ ಬಾಬ್ತುವಾರು ಲೆಕ್ಕ ಮೂರು ತಿಂಗಳಿಗೊಮ್ಮೆ ಜಾಲತಾಣದಲ್ಲಿ ಪ್ರಕಟಣೆ. ಮೂರು, ಪ್ರದೇಶಾಭಿವೃದ್ಧಿ ನಿಧಿಯ ಪೂರ್ಣಗೊಂಡ ಕಾಮಗಾರಿಗಳ ಬಳಕೆ ಪ್ರಮಾಣಪತ್ರ ಬಾಕಿ ಇದ್ದರೆ ಮುಂದಿನ ವರ್ಷದ ಮಿತಿಯಲ್ಲಿ ಕಡಿತ.

ಕರಡನ್ನು ಹಾಳೆ ಒಂದೂವರೆ ಮೀರದಂತೆ ಬರೆದು ಇಲ್ಲಿ ಹಾಕುತ್ತೇನೆ. ಬಾಬ್ತು_ಲೆಕ್ಕ ಅವರು ಅಂಕಿ ತಾಳೆ ನೋಡಲಿ. ಮೇಲುಸಹಿಗೆ ಧಾರವಾಡ, ಹಾವೇರಿ, ಬಾಗಲಕೋಟೆ ಮೂರೂ ಸಂಸದರ ಕಚೇರಿಗೆ ಒಟ್ಟಿಗೇ ಕೊಡೋಣ, ನರಗುಂದದವರು ಬಾಗಲಕೋಟೆಯದ್ದು ನೋಡಿಕೊಳ್ಳಲಿ.

ನರಗುಂದ_ಮಲಪ್ರಭಾ

ಆತ್ರಿ, ಬಾಗಲಕೋಟಿದು ನಮಗ ಬಿಡ್ರಿ. ಕರಡಿನ್ಯಾಗ ಕೋರಿಕೆ ಮೊದಲ ಬರ್ಲಿ, ಕಾರಣ ಆಮ್ಯಾಲ.